ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡುವುದು ಹೇಗೆ

ಖಾತೆಗೋ ಪೋಡಿಗೋ ಅರ್ಜಿ ಹಾಕಿದ್ದೀರಿ, ‘ಏನಾದ್ರೂ ನೋಡ್ಕೊಳ್ಳಿ’ ಎಂಬ ಮಾತು ಬಂದಿದೆ. ಥಟ್ಟನೆ ಜಗಳಕ್ಕೆ ನಿಲ್ಲಬೇಡಿ, ಒಪ್ಪಿಕೊಳ್ಳಲೂ ಬೇಡಿ. ‘ಎಷ್ಟು ಅಂತ ಹೇಳಿ’ ಎಂದು ಕೇಳಿ, ಸಮಯ ತೆಗೆದುಕೊಳ್ಳಿ. ಮೊತ್ತ ಅವರ ಬಾಯಿಂದಲೇ ಬರಬೇಕು. ‘ಐದು ಸಾವಿರ ಕೊಡ್ತೀನಿ’ ಎಂದು ನೀವೇ ಮೊದಲು ಅಂದರೆ ಪ್ರಕರಣ ಅಲ್ಲಿಯೇ ಸಡಿಲವಾಗುತ್ತದೆ. ನೋಟು ಸಿಕ್ಕಿತು ಎಂಬುದಷ್ಟೇ ಶಿಕ್ಷೆಗೆ ಸಾಲದು; ಬೇಡಿಕೆಯೂ ಸ್ವೀಕಾರವೂ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ನೀರಜ್ ದತ್ತಾ ಪ್ರಕರಣದಲ್ಲಿ ಹೇಳಿದೆ.

ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕತ್ತರಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಯಾರಿಗೋ ಕಳಿಸಿ ಮೂಲ ಫೈಲನ್ನು ಅಳಿಸಿಬಿಡುವುದೂ ಬೇಡ. ತನಿಖೆಗೆ ಬೇಕಾಗುವುದು ಮೂಲವೇ. ಅರ್ಜಿಯ ಪ್ರತಿ, ಸಕಾಲ (ಸರ್ಕಾರಿ ಸೇವೆಯನ್ನು ನಿಗದಿತ ಸಮಯದಲ್ಲಿ ಕೊಡಿಸುವ ವ್ಯವಸ್ಥೆ) ಸ್ವೀಕೃತಿ ಸಂಖ್ಯೆ ಜೊತೆಗಿರಲಿ: ನಿಮ್ಮ ಕೆಲಸ ಇನ್ನೂ ಅದೇ ಅಧಿಕಾರಿಯ ಮೇಜಿನ ಮೇಲಿದೆ ಎಂಬುದಕ್ಕೆ ಅದು ಆಧಾರ. ಕಡತ ಆಗಲೇ ಮುಂದೆ ಹೋಗಿದ್ದರೆ ‘ನನಗೇಕೆ ಲಂಚ?’ ಎಂಬ ಅಧಿಕಾರಿಯ ವಾದಕ್ಕೆ ಬಲ ಬರುತ್ತದೆ.

ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಪಡಿಸಿದ ಮೇಲೆ ಲಂಚ ಪ್ರಕರಣಗಳ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿದೆ. ಜಿಲ್ಲೆಯ ಲೋಕಾಯುಕ್ತ ಠಾಣೆಗೆ ನೇರವಾಗಿ ಹೋಗಿ ಲಿಖಿತ ದೂರು ಕೊಡಿ. ಅಂಚೆಯಲ್ಲಿ ಪ್ರಮಾಣಪತ್ರ ಸಮೇತ ಕಳಿಸುವ ನಮೂನೆಗಳು ದುರಾಡಳಿತದ ದೂರಿಗೆ. ಲಂಚ ಪಡೆಯುವಾಗಲೇ ಹಿಡಿಯುವ ಬಲೆ ಬೀಸಲು ಅಷ್ಟು ಸಮಯವಿರುವುದಿಲ್ಲ.

ಒತ್ತಾಯಕ್ಕೆ ಮಣಿದು ಈಗಾಗಲೇ ಹಣ ಕೊಟ್ಟಾಗಿದೆಯೇ? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಂತೆ ಕೊಟ್ಟವರೂ ಅಪರಾಧಿಗಳೇ. ಏಳು ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ಮಾತ್ರ ರಕ್ಷಣೆ. ಎಂಟನೆಯ ದಿನ ಹೋಗುವವರೇ ಸಿಕ್ಕಿಬೀಳುತ್ತಾರೆ.

ಬಲೆಯ ದಿನ ಪೊಲೀಸರು ನೋಟಿನ ಸಂಖ್ಯೆಗಳನ್ನು ಪಂಚರ (ಸ್ವತಂತ್ರ ಸಾಕ್ಷಿಗಳ) ಮುಂದೆ ಮಹಜರಿನಲ್ಲಿ ಬರೆದು, ಫಿನಾಫ್ತಲೀನ್ ಪುಡಿ ಸವರುತ್ತಾರೆ. ಅದನ್ನು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ನಡುದಾರಿಯಲ್ಲಿ ನೋಟು ಎಣಿಸಬೇಡಿ, ಅಧಿಕಾರಿಯ ಕೈ ಕುಲುಕಬೇಡಿ; ಪುಡಿ ನಿಮ್ಮ ಕೈಯಿಂದ ಅಂಟಿತು ಎನ್ನಲು ಅಷ್ಟು ಸಾಕು. ಅವರು ಮತ್ತೊಮ್ಮೆ ಕೇಳುವವರೆಗೂ ಹಣ ಹೊರಗೆ ತೆಗೆಯಬೇಡಿ. ಮಾತುಕತೆ ಕೇಳಿಸಿಕೊಳ್ಳಲೆಂದೇ ಪೊಲೀಸರು ನಿಮ್ಮ ಜೊತೆ ಕಳಿಸುವ ‘ನೆರಳು ಸಾಕ್ಷಿ’ಗೆ ಆ ಮಾತು ಕೇಳಿಸುವಷ್ಟು ಹತ್ತಿರ ನಿಲ್ಲಿ. ‘ಡ್ರಾಯರಿಗೆ ಹಾಕಿ’, ‘ಹೊರಗೆ ಹುಡುಗನಿಗೆ ಕೊಡಿ’ ಎಂದರೆ, ‘ಇಲ್ಲೇ ಹಾಕ್ಲಾ ಸಾರ್?’ ಎಂದು ತುಸು ಜೋರಾಗಿಯೇ ಕೇಳಿ ಉತ್ತರ ಹೊರಡಿಸಿ. ಆಮೇಲೆ, ಪೊಲೀಸರು ಮೊದಲೇ ಹೇಳಿಕೊಟ್ಟಿದ್ದ ಸನ್ನೆ.

ವಿಚಾರಣೆ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ, ನೆಂಟರಿಷ್ಟರ ಕಡೆಯಿಂದ ರಾಜಿ ಮಾತೂ ಬಂದಿರುತ್ತದೆ. ದೂರಿನ ಪ್ರತಿ ಇಟ್ಟುಕೊಂಡು ಸಾಕ್ಷಿ ಹೇಳುವ ಮುನ್ನ ಓದಿಕೊಳ್ಳಿ. ನಿಂತುಹೋದ ಕೆಲಸಕ್ಕೆ ಸಕಾಲದಡಿ ಬೇರೆಯೇ ಮೇಲ್ಮನವಿ ಹಾಕಬೇಕು. ಅಲ್ಲಿ ವಿಳಂಬಕ್ಕೆ ಸಿಗುವ ಪರಿಹಾರ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಹಾಕಬೇಕಿರುವುದು ಆ ದುಡ್ಡಿಗಲ್ಲ, ಕಡತ ಮತ್ತೆ ಅಲುಗಾಡಲಿ ಎಂದು.