ಆರ್‌ಎಫ್‌ಐಡಿ ಲೆಕ್ಕ ಹಂಚಿಕೊಳ್ಳಿ, ವ್ಯಾಪಾರದ ಗುಟ್ಟನ್ನಲ್ಲ

ರಫ್ತಿಗೆ ಹೊರಟ ಅಂಗಿಯ ಬೆಲೆಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಚೀಟಿಗಳ ಒಳಗೆ ತೆಳುವಾದ ಲೋಹದ ಗೆರೆಗಳು, ನಡುವೆ ಸಾಸಿವೆಗಿಂತ ಚಿಕ್ಕ ಚಿಪ್ ಕಾಣುತ್ತದೆ. ಅದೇ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೊ ಅಲೆಯಲ್ಲಿ ಗುರುತು ಹೇಳುವ ಚೀಟಿ. ಬ್ಯಾಟರಿ ಇಲ್ಲ. ಅದನ್ನು ಓದುವ ಯಂತ್ರದ (ರೀಡರ್) ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ. ಪೆಟ್ಟಿಗೆ ಬಿಚ್ಚದೆಯೇ ಮಾಲು ಎಣಿಸಬಹುದು. ಫ್ಯಾಕ್ಟರಿ, ಸಾಗಣೆಯವರು, ಅಂಗಡಿ ಮೂವರೂ ಈ ಲೆಕ್ಕ ಹಂಚಿಕೊಂಡರೆ ಮಾಲು ಎಲ್ಲಿ ತಪ್ಪಿತು ಅಂತ ಬೇಗ ಗೊತ್ತಾಗುತ್ತದೆ. ಆದರೆ ಅದೇ ಲೆಕ್ಕದಲ್ಲಿ ನಿಮ್ಮ ವ್ಯಾಪಾರದ ಗುಟ್ಟೂ ಇರುತ್ತದಲ್ವಾ?

ಮೊದಲು ಸೀರಿಯಲ್ ನಂಬರ್ ನೋಡಿ. ಹೆಚ್ಚಾಗಿ ಬಳಸುವ 96 ಬಿಟ್‌ನ (ಅಂದರೆ 0 ಮತ್ತು 1ರಲ್ಲಿ ಬರೆದ 96 ಅಂಕಿಗಳ) ನಂಬರ್‌ನಲ್ಲಿ ಕಂಪನಿಯ ಸಂಕೇತ, ಮಾಲಿನ ಸಂಕೇತ, ಕೊನೆಗೆ 38 ಬಿಟ್‌ನ ಸೀರಿಯಲ್ ಇರುತ್ತದೆ. ಎಡವುವುದು ಇಲ್ಲೇ. ಸೀರಿಯಲ್ಲನ್ನು 1, 2, 3 ಅಂತ ಸಾಲಾಗಿ ಕೊಟ್ಟಿದ್ದೀರಿ ಅಂದುಕೊಳ್ಳಿ. ಪೈಪೋಟಿಯವನು ತಿಂಗಳ ಮೊದಲಿಗೆ ಹೊಲಿದ ಒಂದು ಅಂಗಿ, ಕೊನೆಗೆ ಹೊಲಿದ ಇನ್ನೊಂದು ಅಂಗಿ ಕೊಳ್ಳುತ್ತಾನೆ. ಒಂದರ ಸೀರಿಯಲ್ 41,200, ಇನ್ನೊಂದರದು 68,900. ಕಳೆದರೆ ಸಾಕು, ತಿಂಗಳಿಗೆ ಸುಮಾರು 27,700 ಅಂಗಿ ಅಂತ ತಿಳಿದುಹೋಯಿತು! ಯಾರ ಕಂಪ್ಯೂಟರ್‌ಗೂ ಕನ್ನ ಹಾಕಬೇಕಿಲ್ಲ. 38 ಬಿಟ್‌ನಲ್ಲಿ 27,000 ಕೋಟಿಗೂ ಜಾಸ್ತಿ ನಂಬರ್‌ಗಳಿವೆ. ಸಾಲು ಬಿಟ್ಟು ಎಲ್ಲೆಲ್ಲಿಂದಲೋ ಆರಿಸಿ ಕೊಡಿ. ಕೊಟ್ಟದ್ದು ಮತ್ತೆ ಬರಬಾರದು, ಅಷ್ಟೇ.

ಆಮೇಲೆ, ಇಡೀ ಎಕ್ಸೆಲ್ ಫೈಲ್ ಮೇಲ್ ಮಾಡುವ ಅಭ್ಯಾಸ ಬಿಡಿ. ಬಾರ್‌ಕೋಡ್‌ ನಿಯಮಗಳನ್ನು ರೂಪಿಸುವ ಜಿಎಸ್1 ಸಂಸ್ಥೆಯ ಇಪಿಸಿಐಎಸ್ ಎಂಬ ಪದ್ಧತಿ 2007ರಿಂದಲೇ ಇದೆ. ಯಾವ ಮಾಲು, ಎಲ್ಲಿ, ಯಾವಾಗ, ಯಾವ ಕೆಲಸಕ್ಕೆ ಬಂತು ಎಂದು ಅದರಲ್ಲಿ ಬರೆದಿಡುತ್ತಾರೆ. ದಾಖಲೆ ನಿಮ್ಮ ಸರ್ವರ್‌ನಲ್ಲೇ ಇರಲಿ, ಬೇಕಾದವರು ಬಂದು ಕೇಳಲಿ. ಕೇಳುವವರ ಡಿಜಿಟಲ್ ಸರ್ಟಿಫಿಕೇಟ್ (ಕಂಪ್ಯೂಟರ್ ಲೋಕದ ಗುರುತಿನ ಚೀಟಿ) ನೋಡಿಯೇ ಬಾಗಿಲು ತೆಗೆಯಿರಿ. ಸಾಗಣೆಯವರಿಗೆ ಪೆಟ್ಟಿಗೆಯ ನಂಬರ್ ಸಾಕು, ಒಳಗಿನ ಅಂಗಿಗಳ ಪಟ್ಟಿ ಯಾಕೆ? ಅಂಗಡಿಗೆ ತನಗೆ ಬರುವ ಮಾಲಿನ ಸುದ್ದಿ ಮಾತ್ರ.

ಇಲ್ಲೊಂದು ಸೂಕ್ಷ್ಮವಿದೆ. ‘ನಿಮಗೆ ಅನುಮತಿ ಇಲ್ಲ’ ಎಂಬ ಉತ್ತರವೂ ಸುಳಿವೇ. ಹೊರಗಿನವರಿಗೆ ಹಾಗೆ ಹೇಳಿದರೆ, ಆ ಮಾಲಿನ ದಾಖಲೆ ನಿಮ್ಮ ಹತ್ತಿರ ಇದೆ ಅಂತಾಯಿತಲ್ಲ! ದಾಖಲೆ ಇರಲಿ, ಇಲ್ಲದಿರಲಿ, ಹೊರಗಿನವರಿಗೆ ‘ಏನೂ ಸಿಗಲಿಲ್ಲ’ ಎಂಬ ಒಂದೇ ಉತ್ತರ ಹೋಗಬೇಕು.

ಟ್ಯಾಗ್‌ನಲ್ಲಿ 32 ಬಿಟ್‌ನ ಎರಡು ಪಾಸ್‌ವರ್ಡ್‌ಗಳಿಗೆ ಜಾಗವಿದೆ. ಒಂದು, ಯಾರೂ ನಂಬರ್ ತಿದ್ದದಂತೆ ಬೀಗ ಹಾಕಲು. ಇನ್ನೊಂದು, ಮಾರಾಟವಾದ ಮೇಲೆ ಟ್ಯಾಗನ್ನು ಪೂರ್ತಿ ಸಾಯಿಸಲು. ಹೊಸ ಟ್ಯಾಗ್‌ನಲ್ಲಿ ಸಾಮಾನ್ಯವಾಗಿ ಬರೀ ಸೊನ್ನೆ ಇರುತ್ತದೆ. ಅದನ್ನು ಬದಲಿಸಿ, ಎಲ್ಲ ಟ್ಯಾಗ್‌ಗೂ ಒಂದೇ ಪಾಸ್‌ವರ್ಡ್ ಮಾತ್ರ ಬೇಡ. ಇನ್ನು, ಯಾರ ಜೊತೆಗಾದರೂ ಒಪ್ಪಂದ ಮುಗಿದರೆ ಅದೇ ದಿನ ಅವರ ಸರ್ಟಿಫಿಕೇಟ್ ರದ್ದು ಮಾಡಿ.