ಪವರ್ ಮಾತ್ರೆ ಕೇಳುವ ಮೊದಲು

ಅಡುಗೆಮನೆ ಕಪಾಟಿನ ಮೇಲೆ ಮಾತ್ರೆ ಹಾಕಿಡುವ ಹಳೇ ಬಿಸ್ಕೆಟ್ ಡಬ್ಬಿ ಇರುತ್ತದೆ ಅಲ್ವಾ? ಮೊದಲು ಅದನ್ನು ಇಳಿಸಿ. ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಇರುವ ಶೀಟುಗಳನ್ನು ಬೇರೆ ಮಾಡಿ. ಅವು ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದ ಮಾತ್ರೆಗಳು, ಆಂಟಿಬಯೋಟಿಕ್ ಇರುವುದೂ ಈ ಗುಂಪಿನಲ್ಲೇ. ನಮ್ಮನೆ ಡಬ್ಬಿಯಲ್ಲಿ ಅರ್ಧ ತಿಂದು ಬಿಟ್ಟ ಮೂರು ಶೀಟು ಸಿಕ್ಕಿದವು. ಒಂದು ಅಮ್ಮನದು, ಒಂದು ನನ್ನದು, ಮೂರನೆಯದು ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆ ಅತ್ತೆಗೆ ಶೀತ ಆದಾಗ ಅದರಿಂದಲೇ ಎರಡು ಮಾತ್ರೆ ಕೊಟ್ಟಿದ್ದೆವು ಅನ್ನುವುದು ಆಮೇಲೆ ನೆನಪಾಯಿತು.

ಹೀಗೆ ಅರ್ಧ ತಿಂದು ಉಳಿದ ಮಾತ್ರೆಗಳನ್ನು ಬಚ್ಚಲಿಗೋ ಹಳ್ಳಕ್ಕೋ ಸುರಿಯಬೇಡಿ. ಕಾಫಿ ಚರಟದಲ್ಲಿ ಕಲಸಿ, ಕವರಿನಲ್ಲಿ ಗಂಟು ಕಟ್ಟಿ ಕಸದ ಗಾಡಿಗೆ ಹಾಕಿ. ಗೊಬ್ಬರದ ಗುಂಡಿಗಂತೂ ಬೇಡ.

ಶೀತಕ್ಕೆ ಆಂಟಿಬಯೋಟಿಕ್ ನುಂಗುವುದೂ ಒಂದೇ, ಅಡಿಕೆ ಕೊಳೆರೋಗಕ್ಕೆ ಇಲಿ ಪಾಷಾಣ ಇಡುವುದೂ ಒಂದೇ. ಶೀತ ಬರುವುದು ವೈರಸ್‌ನಿಂದ, ಆ ಮದ್ದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಹಾಗಂತ ಸುಮ್ನೆ ವೇಸ್ಟ್ ಆಗುತ್ತದೆ ಅಷ್ಟೇ ಅಂದುಕೊಳ್ಳಬೇಡಿ. ನಮ್ಮ ಕರುಳಿನಲ್ಲಿ ತಮ್ಮ ಪಾಡಿಗೆ ಇರುವ ಬ್ಯಾಕ್ಟೀರಿಯಾಗಳಲ್ಲಿ ಮೆತ್ತಗಿನವು ಸಾಯುತ್ತವೆ, ಮದ್ದಿಗೆ ಜಗ್ಗದ ನಾಲ್ಕು ಉಳಿದು ಅವೇ ಮರಿ ಹಾಕುತ್ತವೆ, ಜೊತೆಗೆ ತಮ್ಮ ಆ ಗುಣದ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಮುಂದೆ ನಿಜವಾಗಿ ಸೋಂಕಾದಾಗ ಮಾತ್ರೆ ಕೆಲಸ ಮಾಡದೇ ಹೋಗಬಹುದು.

ಜ್ವರ ಬಂದು ಡಾಕ್ಟರ ಹತ್ತಿರ ಹೋದಾಗ 'ಪವರ್ ಜಾಸ್ತಿ ಇರೋದು ಕೊಡಿ ಸರ್' ಅನ್ನುವುದನ್ನು ಬಿಟ್ಟು, ಹಿಂದಿನ ಎರಡು ಮೂರು ವಾರ ಎಲ್ಲೆಲ್ಲಿ ಓಡಾಡಿದಿರಿ ಅಂತ ಹೇಳಿ. ಮಲೆನಾಡಿನಲ್ಲಿ ಇದು ತುಂಬ ಮುಖ್ಯ. ಬೇಸಿಗೆಯಲ್ಲಿ ದರಗು (ಒಣ ಎಲೆ) ತರಲು ಕಾಡಿಗೆ ಹೋಗಿ ಉಣುಗು (ಉಣ್ಣಿ) ಕಚ್ಚಿಸಿಕೊಂಡಿದ್ದರೆ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದ ಕಾಯಿಲೆ ಅದು, ವೈರಸ್‌ನದು, ಆಂಟಿಬಯೋಟಿಕ್ ಅದನ್ನು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಕಾಲಿಗೆ ಗಾಯ ಇಟ್ಟುಕೊಂಡು ಗದ್ದೆ ಕೆಸರಿಗೆ ಇಳಿದಿದ್ದರೆ ಇಲಿ ಜ್ವರ ಇರಬಹುದು. ಅದು ಬ್ಯಾಕ್ಟೀರಿಯಾದ್ದು, ಬೇಗ ಆಂಟಿಬಯೋಟಿಕ್ ಶುರು ಮಾಡಿದಷ್ಟೂ ಒಳ್ಳೆಯದು. ಎರಡೂ ಶುರುವಾಗುವುದು ಜ್ವರ, ತಲೆನೋವು, ಮೈಕೈ ನೋವಿನಿಂದಲೇ. ನೀವು ಹೇಳದೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಮಾತ್ರೆ ಬರೆದುಕೊಟ್ಟರೆ ಎಷ್ಟು ದಿನ ಅಂತ ಬಾಯಿಬಿಟ್ಟು ಕೇಳಿ, ಅಷ್ಟು ದಿನ ತಗೊಳ್ಳಿ. ಜ್ವರ ಬಿಟ್ಟಿತು ಅಂತ ನೀವೇ ನಿಲ್ಲಿಸಬೇಡಿ, ಇನ್ನೆರಡು ದಿನ ಇರಲಿ ಅಂತ ನೀವೇ ಎಳೆಯಲೂ ಬೇಡಿ. ಮೆಡಿಕಲ್‌ನವರು ಚೀಟಿ ಕೇಳಿದರೆ ಮುಖ ಊದಿಸಿಕೊಳ್ಳಬೇಡಿ. 2014ರಿಂದ ಕೆಲವು ಆಂಟಿಬಯೋಟಿಕ್‌ಗಳಿಗೆ ಡಾಕ್ಟರ ಮತ್ತು ರೋಗಿಯ ಹೆಸರು ಬರೆದಿಡುವ ಪುಸ್ತಕವನ್ನೇ ಅವರು ಇಡಬೇಕು.

ಇನ್ನು ಆಸ್ಪತ್ರೆ. ಅಪ್ಪನ ಆಪರೇಷನ್ ಆದಾಗ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಜೊತೆಗಿದ್ದೆ. ಆಪರೇಷನ್ ಚೆನ್ನಾಗೇ ಆಯಿತು, ಆದರೆ ಮೂತ್ರದ ಪೈಪಿನಿಂದ ಸೋಂಕು ಹತ್ತಿ ಮತ್ತೆ ಚಳಿಜ್ವರ. ಆಗ ಕಲಿತದ್ದು ಇಷ್ಟು. ಪೈಪು, ಕೈಗೆ ಹಾಕಿದ ಸೂಜಿ ಇವೆಲ್ಲ ಬ್ಯಾಕ್ಟೀರಿಯಾ ಒಳಗೆ ಬರುವ ಬಾಗಿಲು. 'ಇದು ಇವತ್ತೂ ಬೇಕಾ ಸಿಸ್ಟರ್?' ಅಂತ ದಿನಾ ಒಂದು ಸಲ ಕೇಳಿ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಲಿ, ಆದರೆ ನೆಲಕ್ಕೆ ತಾಗಬಾರದು. ಅಪ್ಪನನ್ನು ಮಗ್ಗುಲು ಮಾಡುವಾಗ ನಾನೇ ಅದನ್ನು ಎತ್ತಿ ಹಾಸಿಗೆ ಮೇಲೆ ಇಟ್ಟುಬಿಡುತ್ತಿದ್ದೆ! ಮಂಚ ಮುಟ್ಟುವ ಮೊದಲು ಒಂದು ಸಲ, ಮುಟ್ಟಿದ ಮೇಲೆ ಒಂದು ಸಲ ಕೈಗೆ ಸ್ಯಾನಿಟೈಸರ್ ಹಚ್ಚಿ 20-30 ಸೆಕೆಂಡ್ ತಿಕ್ಕಿ. ಕೊಳೆ ಕಂಡರೆ, ಅಥವಾ ರೋಗಿಗೆ ಭೇದಿ ಇದ್ದರೆ, ಸೋಪು ನೀರೇ ಆಗಬೇಕು. ಊರಿನಿಂದ ನೋಡಲು ಬಂದವರನ್ನು ಪಕ್ಕದ ಮಂಚದ ಮೇಲೆ ಕೂರಿಸಬೇಡಿ, ಬೇಜಾರಾದರೆ ಆಗಲಿ.

ಸೋಂಕು ಅಂದರೆ ಕಲ್ಚರ್ ಟೆಸ್ಟ್ ಬಗ್ಗೆ ಕೇಳಿ, ಯಾವ ಬ್ಯಾಕ್ಟೀರಿಯಾ, ಅದು ಯಾವ ಮದ್ದಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ ಅದು. ಸ್ಯಾಂಪಲ್ಲನ್ನು ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ತೆಗೆದರೆ ಉತ್ತರ ಸರಿಯಾಗಿ ಸಿಗುತ್ತದೆ. ಸ್ಥಿತಿ ಗಂಭೀರ ಇದ್ದರೆ ರಿಪೋರ್ಟಿಗೆ ಕಾಯದೆ ಮದ್ದು ಶುರು ಮಾಡುತ್ತಾರೆ, ಅದು ಸರಿಯೇ. ಎರಡು ಮೂರು ದಿನಕ್ಕೆ ರಿಪೋರ್ಟ್ ಬರುತ್ತದೆ. ಮದ್ದುಗಳ ಪಟ್ಟಿ, ಎದುರಿಗೆ ಎಸ್, ಐ, ಆರ್ ಅಂತ ಅಕ್ಷರ. ಎಸ್ ಅಂದರೆ ಆ ಮದ್ದಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ, ಐ ಅಂದರೆ ಡೋಸ್ ಜಾಸ್ತಿ ಮಾಡಿದರೆ ಬಗ್ಗಬಹುದು. ಅಪ್ಪನ ಹಾಳೆಯಲ್ಲಿ ಮೇಲಿಂದ ಕೆಳಗೆ ಆರ್, ಆರ್, ಆರ್. ಕೊನೆಗೆ ಎರಡೇ ಎಸ್. ಆ ಹಾಳೆಯ ಫೋಟೋ ಈಗಲೂ ಫೋನಿನಲ್ಲಿದೆ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸುತ್ತೇನೆ.

ಕೋಳಿ ಮಾಂಸದ್ದು ಜಾಸ್ತಿ ಹೇಳುವುದಿಲ್ಲ. ಕೊಲಿಸ್ಟಿನ್ ಅನ್ನುವ ಮದ್ದು ಮನುಷ್ಯರಿಗೆ ಕೊನೇ ಅಸ್ತ್ರದ ಹಾಗೆ. ಅದನ್ನು ಕೋಳಿ ಫಾರಂಗಳಲ್ಲೂ ಬಳಸುತ್ತಿದ್ದರು, 2019ರಲ್ಲಿ ಸರ್ಕಾರ ನಿಷೇಧ ಮಾಡಿತು. ಮಾಂಸದಲ್ಲಿ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ಇದ್ದರೂ ಸಾಮಾನ್ಯವಾಗಿ ಬೆಂಕಿಗೆ ಸಾಯುತ್ತದೆ, ಚೆನ್ನಾಗಿ ಬೇಯಿಸಿ. ಹಸಿ ಮಾಂಸವನ್ನು ನಲ್ಲಿ ಕೆಳಗೆ ತೊಳೆದರೆ ಹನಿ ಸಿಡಿದು ಸುತ್ತಲಿನ ಪಾತ್ರೆಗೆಲ್ಲ ಹತ್ತುತ್ತದೆ. ಅದೇ ಮಣೆ ಮೇಲೆ ಸೌತೆಕಾಯಿ ಹೆಚ್ಚಬೇಡಿ.

ಹಸು ಸಾಕಿದವರು ಇದನ್ನು ನಿಧಾನಕ್ಕೆ ಓದಿ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಟ್ಯೂಬ್ ಹಾಕುತ್ತಾರಲ್ಲ, ಅದೂ ಆಂಟಿಬಯೋಟಿಕ್. ಎಷ್ಟು ದಿನ ಹಾಲು ಬಳಸಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ಒಂದೇ ಮೊಲೆಗೆ ಹಾಕಿದರೂ ನಾಲ್ಕರ ಹಾಲನ್ನೂ ಬಿಡಬೇಕು. ಡೈರಿಗೂ ಬೇಡ, ಕರುವಿಗೂ ಬೇಡ. ಕಾಯಿಸಿದರೆ ಮದ್ದು ಪೂರ್ತಿ ಹೋಗುವುದಿಲ್ಲ. ಬಾವು ಬರದ ಹಾಗೆ ನೋಡಿಕೊಳ್ಳಲು ಕೊಟ್ಟಿಗೆಯ ಒದ್ದೆ ಸೊಪ್ಪು ತೆಗೆದು ಒಣ ದರಗು ಹಾಸಿ. ಹಾಲು ಕರೆದ ಕೂಡಲೇ ಹಸು ಮಲಗದ ಹಾಗೆ ಒಂದು ಹಿಡಿ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿ, ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಟ್ಯೂಬ್ ಹಾಕಿದ ಹಸುವಿನ ಹಾಲಿಗೆ ಅಮ್ಮ ಒಮ್ಮೆ ಗೊತ್ತಿಲ್ಲದೆ ಹೆಪ್ಪು ಹಾಕಿದ್ದರು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗೇ ಇತ್ತು. ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ ಅಲ್ವಾ, ಮದ್ದು ಅದನ್ನೂ ಕೊಂದಿತ್ತು. ಹಾಗಂತ ಮೊಸರು ಕೂತಿತು ಅಂದ ಮಾತ್ರಕ್ಕೆ ಹಾಲಿನಲ್ಲಿ ಮದ್ದಿಲ್ಲ ಅಂತಲ್ಲ, ದಿನ ಎಣಿಸಲೇಬೇಕು. ಈಗ ನಮ್ಮನೆ ಕ್ಯಾಲೆಂಡರಿನಲ್ಲಿ ಅಷ್ಟು ದಿನಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು 'ಗೌರಿ ಹಾಲು ಬೇಡ' ಅಂತ ಬರೆಯುತ್ತೇವೆ.