ಗಿನಿಪಿಗ್‌ಗೆ ತಿಂಡಿ: ಬಿಸ್ಕತ್ತು ಬೇಡ, ಪೇರಳೆ ಸಾಕು

ಫ್ರಿಜ್ ಬಾಗಿಲು ತೆಗೆದ ಸದ್ದಾದರೆ ಸಾಕು, ಗೂಡಿನಿಂದ ‘ವೀಕ್ ವೀಕ್’ ಶುರು. ಗಿನಿಪಿಗ್ ಸಾಕಿದವರಿಗೆಲ್ಲ ಇದು ಗೊತ್ತು. ಆ ಕೂಗಿಗೆ ಕರಗಿ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುತ್ತೇವೆ: ಅರ್ಧ ಬಿಸ್ಕತ್ತು, ಬನ್ಸಿನ ಚೂರು, ಎರಡು ಗೇರುಬೀಜ. ಅದೂ ಗಬಗಬ ತಿನ್ನುತ್ತದೆ. ತೊಂದರೆ ಇರುವುದೇ ಅಲ್ಲಿ. ಆಗದ್ದನ್ನು ತಿಂದರೆ ವಾಂತಿ ಮಾಡಿ ಹೊರಹಾಕಲು ಈ ಪ್ರಾಣಿಯಿಂದ ಆಗುವುದಿಲ್ಲ. ಹಾಗಾಗಿ ಯಾವುದು ಬೇಕು, ಯಾವುದು ಬೇಡ ಅಂತ ನೋಡುವ ಕೆಲಸ ನಮ್ಮದೇ.

1. ಮೊದಲು ಹುಲ್ಲಿನ ಬುಟ್ಟಿ ನೋಡಿ

ದಿನದ ಊಟದಲ್ಲಿ ಸುಮಾರು ಶೇಕಡಾ 80 ಹುಲ್ಲೇ ಇರಬೇಕು. ಅದರ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದು ಅಗಿದೇ ಸವೆಯಬೇಕು. ಹೊಟ್ಟೆ ಸರಿಯಾಗಿ ಓಡುವುದಕ್ಕೂ ಆ ನಾರೇ ಬೇಕು. ಬೆಳಿಗ್ಗೆ ಹಾಕಿದ ಹುಲ್ಲು ಸಂಜೆಗೂ ಹಾಗೇ ಉಳಿದಿದ್ದರೆ ಆವತ್ತು ತಿಂಡಿ ಕೊಡಬೇಡಿ, ಯಾಕೆ ತಿಂದಿಲ್ಲ ಅಂತ ನೋಡಿ. ಬೈಹುಲ್ಲು ಗೂಡಿಗೆ ಹಾಸಲು ಅಡ್ಡಿಯಿಲ್ಲ, ಆದರೆ ಅದರಲ್ಲಿ ಸತ್ವ ಕಡಿಮೆ, ಊಟಕ್ಕೆ ಅದೊಂದನ್ನೇ ನಂಬುವ ಹಾಗಿಲ್ಲ. ಟಿಮೊಥಿ ಹುಲ್ಲು (ಗಿನಿಪಿಗ್‌ಗೆಂದು ಪ್ಯಾಕೆಟ್‌ನಲ್ಲಿ ಸಿಗುವ ಒಣಹುಲ್ಲು) ತರಿಸುವವರು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ತರಿಸಿ. ನಮ್ಮ ಕರಾವಳಿಯ ಜುಲೈ ತಿಂಗಳ ಥಂಡಿಗೆ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಇನ್ನು ಹುಲ್ಲು ಬಿಡುತ್ತದಾ? ಬೂಸ್ಟಿನ ವಾಸನೆ ಬಂದರೆ ಸೀದಾ ಗೊಬ್ಬರದ ಗುಂಡಿಗೆ ಹಾಕಿ.

2. ವಿಟಮಿನ್ ಸಿ ಇರುವುದನ್ನೇ ಆರಿಸಿ

ನಮ್ಮ ಹಾಗೇ ಗಿನಿಪಿಗ್ ಕೂಡ ವಿಟಮಿನ್ ಸಿ ತಾನಾಗಿ ತಯಾರಿಸಿಕೊಳ್ಳಲಾರದು. ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಇದು ಕಡಿಮೆಯಾದರೆ ಸ್ಕರ್ವಿ ಬರುತ್ತದೆ: ಸಂಧು ನೋವು, ಒರಟು ಕೂದಲು, ಓಡಾಡಲು ಮನಸ್ಸಿಲ್ಲದೆ ಮೂಲೆ ಹಿಡಿಯುವುದು. ಪೆಲೆಟ್‌ನಲ್ಲಿ (ಅಂಗಡಿಯಲ್ಲಿ ಸಿಗುವ ಸಣ್ಣ ತುಂಡುಗಳ ಒಣ ಆಹಾರ) ವಿಟಮಿನ್ ಸೇರಿಸಿರುತ್ತಾರೆ ನಿಜ, ಆದರೆ ದಿನ ಕಳೆದ ಹಾಗೆ ಅದು ಹಾಳಾಗುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ಪ್ಯಾಕೆಟ್ ಮೇಲೆ ತಯಾರಾದ ದಿನಾಂಕ ನೋಡಿ, ಸುಮಾರು ಮೂರು ತಿಂಗಳೊಳಗೆ ಮುಗಿಸಿ.

ಹಾಗಾದರೆ ತಿಂಡಿಯೇ ಮದ್ದಿನ ಕೆಲಸವನ್ನೂ ಮಾಡಿದರೆ ಒಳ್ಳೆಯದಲ್ವಾ? ನನ್ನ ಮೊದಲ ಆಯ್ಕೆ ಕ್ಯಾಪ್ಸಿಕಂ. 100 ಗ್ರಾಂ ಹಸಿರು ಕ್ಯಾಪ್ಸಿಕಂನಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕೆಂಪಿನಲ್ಲಿ ಇನ್ನೂ ಜಾಸ್ತಿ. ತೊಟ್ಟು, ಬೀಜ ತೆಗೆದು ಉದ್ದಕ್ಕೆ ಸೀಳಿ ಕೊಡಿ. ಒಂದು ತುದಿಯಿಂದ ಶುರು ಮಾಡಿ, ಮೂತಿ ಅಲ್ಲಾಡಿಸುತ್ತಾ, ಕೈಯಿಂದ ಮುಟ್ಟದೆಯೇ ಇಡೀ ಸೀಳನ್ನು ಒಳಗೆ ಎಳೆದುಕೊಳ್ಳುತ್ತದೆ, ಅದನ್ನು ನೋಡುವುದೇ ಒಂದು ಮಜಾ.

ಪೇರಳೆಯಲ್ಲಿ (ಸೀಬೆಹಣ್ಣು) ಇದಕ್ಕಿಂತಲೂ ಹೆಚ್ಚು ವಿಟಮಿನ್ ಸಿ ಇದೆ, ಜೊತೆಗೆ ಸಕ್ಕರೆಯೂ ಇದೆ. ಬೀಜದ ತಿರುಳು ತೆಗೆದು ಹೆಬ್ಬೆರಳ ಉಗುರಿನಷ್ಟು ತುಂಡು ಕೊಡಿ, ವಾರಕ್ಕೆ ಒಂದೆರಡು ಸಲ ಸಾಕು. ಮಾವು, ಬಾಳೆಹಣ್ಣು, ಸೇಬಿಗೂ ಇದೇ ಲೆಕ್ಕ. ಸೇಬಿನ ಬೀಜ ಮಾತ್ರ ಕೊಡಲೇಬಾರದು. ಕೊತ್ತಂಬರಿ ಸೊಪ್ಪು ಒಳ್ಳೆಯದು. ಏಪ್ರಿಲ್-ಮೇ ಬಿಸಿಲಿಗೆ ಮುಳ್ಳುಸೌತೆ ಹಿತ, ಅದರಲ್ಲಿ ನೀರು ಬಿಟ್ಟರೆ ಹೆಚ್ಚೇನೂ ಇಲ್ಲ. ಕ್ಯಾರೆಟ್ ದಿನಾ ಕೊಡುವವರಿದ್ದಾರೆ, ಅದರಲ್ಲೂ ಸಕ್ಕರೆ ಇದೆ, ತೆಳ್ಳಗಿನ ಬಿಲ್ಲೆ ಸಾಕು.

3. ಹಿತ್ತಲಿನ ಎಲೆಗಳ ಬಗ್ಗೆ ಸ್ವಲ್ಪ ಹುಷಾರು

ಕರಾವಳಿಯಲ್ಲಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಬಾವಿಕಟ್ಟೆ ಹತ್ತಿರ ಬಸಳೆ ಚಪ್ಪರ ಇರುತ್ತದೆ, ಕೈ ಸೀದಾ ಅಲ್ಲಿಗೇ ಹೋಗುತ್ತದೆ. ಬಸಳೆ, ಹರಿವೆ, ಪಾಲಕ್ ಮೂರರಲ್ಲೂ ಮೂತ್ರದಲ್ಲಿ ಕಲ್ಲಾಗಲು ಕಾರಣವಾಗುವ ಆಕ್ಸಲೇಟ್ ಜಾಸ್ತಿ. ಗಿನಿಪಿಗ್‌ಗೆ ಮೊದಲೇ ಆ ತೊಂದರೆ ಬೇಗ ಬರುತ್ತದೆ. ಅಪರೂಪಕ್ಕೆ ಒಂದು ಎಲೆ ಆಯಿತು, ದಿನಾ ಬೇಡ.

ಕೆಸುವಿನ ಎಲೆಯಂತೂ ಬೇಡವೇ ಬೇಡ. ಪತ್ರೊಡೆಗೆ ಹುಳಿ ಕಮ್ಮಿಯಾದರೆ ನಮ್ಮ ಗಂಟಲೇ ತುರಿಸುತ್ತದೆ, ಹಸಿ ಎಲೆ ತಿಂದ ಪುಟ್ಟ ಬಾಯಿಯ ಗತಿ ಏನು! ಮನಿ ಪ್ಲಾಂಟ್ ಕೂಡ ಇದೇ ಕುಟುಂಬದ್ದು. ಕಣಗಿಲೆ ಗಿಡ ಪೂರ್ತಿ ವಿಷ. ಟೊಮೆಟೊ, ಬದನೆ ಗಿಡದ ಎಲೆ ಆಗದು, ನಮ್ಮ ಮಟ್ಟುಗುಳ್ಳ ಬದನೆಯ ಗಿಡವಾದರೂ ಅಷ್ಟೇ.

ಧೈರ್ಯವಾಗಿ ಕೊಡಬಹುದಾದದ್ದು ಗರಿಕೆ. ಮದ್ದು ಹೊಡೆಯದ ಜಾಗದಿಂದ ಕೈಯಲ್ಲೇ ಕಿತ್ತು, ತೊಳೆದು, ನೀರು ಆರಿಸಿ ಕೊಡಿ. ಮೆಷಿನ್‌ನಲ್ಲಿ ಕೊಚ್ಚಿ ರಾಶಿ ಹಾಕಿದ ಹುಲ್ಲು ಬೇಗ ಹುಳಿಯುತ್ತದೆ, ಅದು ಬೇಡ. ದಾಸವಾಳದ ಹೂವನ್ನೂ ಇಷ್ಟಪಟ್ಟು ತಿನ್ನುತ್ತವೆ.

4. ಇವು ಯಾವತ್ತೂ ಬೇಡ

ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಬೆಣ್ಣೆಹಣ್ಣು, ಚಾಕಲೇಟ್. ಹಾಲು, ಮೊಸರು. ಬ್ರೆಡ್, ಬಿಸ್ಕತ್ತು, ಅನ್ನ, ದೋಸೆ. ಗೇರುಬೀಜ, ನೆಲಗಡಲೆ, ಕಾಯಿಚೂರು, ಕರಿದ ಯಾವುದೇ ತಿಂಡಿ.

ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಮೊಸರಿನ ಗುಳಿಗೆ, ಜೇನು ಮೆತ್ತಿದ ಕಾಳಿನ ಕಡ್ಡಿಗಳ ಪ್ಯಾಕೆಟ್ ಮೇಲೆ ಗಿನಿಪಿಗ್ ಚಿತ್ರ ಇರುತ್ತದೆ. ಚಿತ್ರ ನೋಡಿ ಮರುಳಾಗಬೇಡಿ. ಅದರೊಳಗಿರುವುದು ಸಕ್ಕರೆ ಮತ್ತು ಕೊಬ್ಬು, ಅದೇ ದುಡ್ಡಿಗೆ ವಾರದ ಕ್ಯಾಪ್ಸಿಕಂ ಬರುತ್ತದೆ.

5. ಹೊಸದನ್ನು ಒಂದೊಂದಾಗಿ ಕೊಡಿ

ಒಂದೇ ದಿನ ಮೂರು ಹೊಸ ತರಕಾರಿ ಹಾಕಿ ಹೊಟ್ಟೆ ಕೆಟ್ಟರೆ ಯಾವುದರಿಂದ ಅಂತ ಹೇಳುವುದು ಹೇಗೆ? ಒಂದನ್ನು ಚೂರೇ ಚೂರು ಕೊಟ್ಟು, ಒಂದು ದಿನ ಹಿಕ್ಕೆ ಗಮನಿಸಿ. ಗಟ್ಟಿಯಾಗಿ, ಉದ್ದುದ್ದಕ್ಕೆ ಬಿಡಿಬಿಡಿಯಾಗಿದ್ದರೆ ಸರಿ. ಮೆತ್ತಗೆ ಅಂಟಂಟಾದರೆ ಆ ತಿಂಡಿ ನಿಲ್ಲಿಸಿ, ಬರೀ ಹುಲ್ಲು-ನೀರು ಕೊಡಿ. ಫ್ರಿಜ್‌ನಿಂದ ತೆಗೆದದ್ದನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಿ. ತಿಂದು ಉಳಿದದ್ದನ್ನು ಒಂದೆರಡು ಗಂಟೆಯಲ್ಲಿ ತೆಗೆದುಬಿಡಿ, ಇಲ್ಲದಿದ್ದರೆ ಇರುವೆ ಸಾಲು ಗ್ಯಾರಂಟಿ.

ಮನೆಗೆ ಮಕ್ಕಳು ಬಂದಾಗ ‘ಕೊಡಬೇಡ, ಕೊಡಬೇಡ’ ಅಂತ ಕೂಗಿ ಪ್ರಯೋಜನ ಇಲ್ಲ. ಆ ದಿನದ ಕ್ಯಾಪ್ಸಿಕಂ ಪಾಲನ್ನು ಸಣ್ಣಗೆ ಹೆಚ್ಚಿ ಡಬ್ಬಿಯಲ್ಲಿಟ್ಟು ಅವರ ಕೈಗೇ ಕೊಡಿ. ಡಬ್ಬಿ ಖಾಲಿ, ಆಟ ಮುಗೀತು.

6. ತಿನ್ನುವುದನ್ನೇ ಬಿಟ್ಟರೆ

ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಮುದುಡಿ ಕೂತಿದ್ದರೆ ನಾಳೆ ನೋಡೋಣ ಅನ್ನಬೇಡಿ. ಇದರ ಹೊಟ್ಟೆ ಒಮ್ಮೆ ನಿಂತರೆ ಜೀವಕ್ಕೇ ಅಪಾಯ. ಮನೆಯಲ್ಲಿದ್ದ ಆ್ಯಂಟಿಬಯೋಟಿಕ್ ಪುಡಿ ಮಾಡಿ ಕುಡಿಸಲೂಬಾರದು, ಅಮಾಕ್ಸಿಸಿಲಿನ್‌ನಂಥವು ಗಿನಿಪಿಗ್‌ಗೆ ಮಾರಕ. ನಾಯಿ-ಬೆಕ್ಕು ನೋಡುವ ಡಾಕ್ಟರೆಲ್ಲ ಗಿನಿಪಿಗ್ ನೋಡುವುದಿಲ್ಲ. ಹಾಗಾಗಿ ಮಂಗಳೂರೋ ಉಡುಪಿಯೋ, ನಿಮಗೆ ಹತ್ತಿರದಲ್ಲಿ ಯಾರು ನೋಡುತ್ತಾರೆ ಅಂತ ಈಗಲೇ ಫೋನ್ ಮಾಡಿ ಕೇಳಿ, ನಂಬರ್ ಬರೆದು ಗೂಡಿನ ಮೇಲೆ ಅಂಟಿಸಿಡಿ.